ಎಡವಿದ ಕಲ್ಲು

ಲಿಯಾನ್‌ನಲ್ಲಿರುವ ಮಗ "ನಾಳೆ ಅರಮನೆ ನೋಡೋಕೆ ಹೋಗೋಣ" ಅಂದದ್ದಕ್ಕೆ ನಮ್ಮಾಕೆ ರೇಷ್ಮೆ ಸೀರೆ ಉಟ್ಟು ಹೊರಟಳು. ಇಳಿದದ್ದು ಓತ್‌ರೀವ್ ಎಂಬ ಹಳ್ಳಿಯಲ್ಲಿ. ದ್ರೋಮ್ ಜಿಲ್ಲೆ, ಸುಮಾರು ಎರಡು ಸಾವಿರ ಜನ, ಗೋಡೆ ಮೇಲೆ ಬಿಸಿಲು ಕಾಯಿಸುತ್ತಿದ್ದ ಒಂದು ಬೆಕ್ಕು. ಅರಮನೆ ಯಾವ ರಾಜ ಕಟ್ಟಿಸಿದ್ದು ಅಂತ ಕೇಳಿದೆ. "ಕಟ್ಟಿಸಿದ್ದಲ್ಲಪ್ಪ, ಕಟ್ಟಿದ್ದು. ಈ ಊರಿನ ಪೋಸ್ಟ್‌ಮ್ಯಾನ್" ಅಂದ. ನಮ್ಮಾಕೆ ಸೆರಗು ಸರಿಮಾಡಿಕೊಂಡು ಮಗನನ್ನೊಮ್ಮೆ ನೋಡಿದಳು.

ಅವನ ಹೆಸರು ಫರ್ಡಿನಾಂಡ್ ಶೆವಾಲ್. ಫ್ರೆಂಚಿನಲ್ಲಿ ಶೆವಾಲ್ ಅಂದರೆ ಕುದುರೆ. ಕುದುರೆಯನ್ನು ಹೆಸರಲ್ಲಿ ಮಾತ್ರ ಇಟ್ಟುಕೊಂಡು ದಿನಕ್ಕೆ ಮೂವತ್ತು ಕಿಲೋಮೀಟರ್ ನಡೆದೇ ಟಪಾಲು ಹಂಚುತ್ತಿದ್ದ. 1879ರಲ್ಲಿ, 43ರ ವಯಸ್ಸಿನಲ್ಲಿ, ದಾರಿಯಲ್ಲೊಂದು ಕಲ್ಲು ಎಡವಿದ. ಆ ವಯಸ್ಸಿನಲ್ಲಿ ನಾನೂ ಎಡವಿದ್ದೆ. ಕಲ್ಲಿಗೂ ರಸ್ತೆ ಮಾಡಿದವರ ವಂಶಕ್ಕೂ ಬೈದು, ಹೆಬ್ಬೆರಳಿಗೆ ಅರಿಸಿನ ಮೆತ್ತಿಕೊಂಡು ಮಲಗಿದೆ. ಈ ಪುಣ್ಯಾತ್ಮ ಬಗ್ಗಿ ನೋಡಿದ. ಎಂಥ ಚೆಂದದ ಕಲ್ಲು ಅನ್ನಿಸಿ ಜೇಬಿಗೆ ಹಾಕಿಕೊಂಡ. ಮಾರನೆಯ ದಿನ ಇನ್ನಷ್ಟು. ಜೇಬುಗಳು ಹರಿದವು, ಹೊಲಿಯುವ, ಬೈಯುವ ಎರಡೂ ಕೆಲಸ ಹೆಂಡತಿ ಫಿಲೊಮೆನ್‌ಗೆ ಬಿತ್ತು. ಜೇಬಿನಿಂದ ಬುಟ್ಟಿಗೆ, ಬುಟ್ಟಿಯಿಂದ ಒಂಟಿ ಚಕ್ರದ ತಳ್ಳುಗಾಡಿಗೆ ಬಡ್ತಿ. ಹಗಲು ದಾರಿಬದಿಯಲ್ಲಿ ಕಲ್ಲು ಗುಡ್ಡೆ ಹಾಕುವುದು, ರಾತ್ರಿ ಗಾಡಿ ತಳ್ಳಿಕೊಂಡು ಹೋಗಿ ತರುವುದು. ಊರು ಹುಚ್ಚ ಅಂದಿತು. ಊರಿಗೂ ಏನಾದರೂ ಕೆಲಸ ಬೇಕಲ್ಲ.

ಕಲ್ಲು, ಸುಣ್ಣ, ಸಿಮೆಂಟು: 33 ವರ್ಷ. ಅವನು ಎಡವಿದ ವರ್ಷವೇ ಹುಟ್ಟಿದ ಮಗಳು ಆಲಿಸ್ 15ಕ್ಕೇ ತೀರಿಕೊಂಡಳು. ಗಾಡಿ ನಿಲ್ಲಲಿಲ್ಲ. 1912ಕ್ಕೆ ಮುಗಿದದ್ದು 26 ಮೀಟರ್ ಉದ್ದದ ಒಂದು ಸೋಜಿಗ. ಒಂದು ಕಡೆ ಮೂವರು ದೈತ್ಯರು ನಿಂತಿದ್ದಾರೆ. ಅದರಲ್ಲೊಬ್ಬ, ಯಾಕೋ ಏನೋ, ಆರ್ಕಿಮಿಡೀಸ್. ಇನ್ನೊಂದು ಕಡೆ ಮಸೀದಿ, ಸ್ವಿಸ್ ಮನೆ, ಕೋಟೆ, ಹಿಂದೂ ದೇವಸ್ಥಾನ ಎಲ್ಲಾ ಒಂದೇ ವಠಾರದಲ್ಲಿದ್ದಂತೆ ಒತ್ತಿಕೊಂಡಿವೆ. ಯಾವುದನ್ನೂ ಅವನು ಕಣ್ಣಾರೆ ಕಂಡವನಲ್ಲ. ತಾನೇ ಹಂಚುತ್ತಿದ್ದ ಚಿತ್ರಪತ್ರಿಕೆ, ಪೋಸ್ಟ್ ಕಾರ್ಡುಗಳಲ್ಲಿ ನೋಡಿದ್ದು. ಪರರ ಕಾರ್ಡು ಓದುವ ಪೋಸ್ಟ್‌ಮ್ಯಾನ್ ನಮ್ಮ ಬೀದಿಗೂ ಬರುತ್ತಿದ್ದ; ಅವನು ಕಟ್ಟಿದ್ದು ಬರೀ ಸುದ್ದಿ.

ಆ ದೇವಸ್ಥಾನದಲ್ಲಿ ನಾನು ಕಳಸ ಹುಡುಕಿದೆ, ಗರ್ಭಗುಡಿ ಹುಡುಕಿದೆ. ತಿರುಗಿ ನೋಡಿದರೆ ನಮ್ಮಾಕೆ ಚಪ್ಪಲಿ ಬಿಟ್ಟು ನಿಂತಿದ್ದಾಳೆ! "ದೇವಸ್ಥಾನ ಅಂತ ತಾನೇ ಕಟ್ಟಿರೋದು ಪಾಪ" ಅಂದಳು. ಪಕ್ಕದಲ್ಲಿದ್ದ ಫ್ರೆಂಚ್ ಮುದುಕರೊಬ್ಬರು ಚಪ್ಪಲಿಯನ್ನೂ ಸೀರೆಯನ್ನೂ ನೋಡಿ ಟೋಪಿ ತೆಗೆದರು.

ಸತ್ತ ಮೇಲೆ ಅಲ್ಲೇ ಮಲಗಬೇಕೆಂದು ಶೆವಾಲ್‌ಗೆ ಆಸೆ. ಕಾಯಿದೆ ಬೇಡ ಅಂದಿತು. 78ರ ಮುದುಕ ಊರ ಸ್ಮಶಾನಕ್ಕೆ ಗಾಡಿ ತಿರುಗಿಸಿ, ಎಂಟು ವರ್ಷ ಕೂತು ತನ್ನ ಗೋರಿ ತಾನೇ ಕಟ್ಟಿಕೊಂಡ. ಪೂರ್ತಿ ಆಗುವವರೆಗೂ ಸಾಯಲಿಲ್ಲ. ಹೋದದ್ದು 1924ರಲ್ಲಿ. ಅರಮನೆ ವಿಕಾರವಾಗಿದೆ ಎಂದು ಅಧಿಕಾರಿಗಳು ಮುಂದೆ ಷರಾ ಬರೆದರು. ಸಂಸ್ಕೃತಿ ಸಚಿವ ಆಂದ್ರೆ ಮಾಲ್ರೋ ಅದಕ್ಕೆ ಕಿವಿಗೊಡದೆ 1969ರಲ್ಲಿ ಅದನ್ನು ಸ್ಮಾರಕಗಳ ಪಟ್ಟಿಗೆ ಸೇರಿಸಿದ.

ಹೊರಡುವಾಗ ಮಗ ಗೂಡಿನಲ್ಲಿಟ್ಟ ಆ ತಳ್ಳುಗಾಡಿ ತೋರಿಸಿದ. ನಮ್ಮಾಕೆ ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ, "ಅವಳು ಹೊಲಿದ ಜೇಬು ಎಲ್ಲಿಟ್ಟಿದಾರೋ?" ಅಂದಳು.

ಮಗ ಫಲಕವನ್ನು ಇನ್ನೊಮ್ಮೆ ಮೇಲಿಂದ ಓದತೊಡಗಿದ.