ಬೀರು ಮೇಲಿದ್ದ ಎಕ್ಸ್-ರೇ

ಕಳೆದ ಸೆಮ್‌ನಲ್ಲಿ ನಾವು ಮೂವರು ಮಿನಿ ಪ್ರಾಜೆಕ್ಟ್‌ಗೆ ಟಾಪಿಕ್ ಹುಡುಕ್ತಾ ಇದ್ವಿ. ಇಮೇಜ್ ಪ್ರೊಸೆಸಿಂಗ್ ಅಂತ ಗೊತ್ತಿತ್ತು, ಯಾವ ಇಮೇಜ್ ಅಂತ ಗೊತ್ತಿರಲಿಲ್ಲ. ನಂಬರ್ ಪ್ಲೇಟ್, ಅಟೆಂಡೆನ್ಸ್ ಎಲ್ಲಾ ಸೀನಿಯರ್ಸ್ ಮಾಡಿ ಮುಗಿಸಿದ್ರು. ಕೊನೆಗೆ ಸಿಕ್ಕಿದ್ದು ಹಲ್ಲಿನ ಎಕ್ಸ್-ರೇ ನೋಡಿ ಮೂಳೆ ಸವೆತ ಗುರುತಿಸೋದು.

ಎರಡೂ ದವಡೆ ಒಟ್ಟಿಗೆ ಕಾಣೋ ಉದ್ದನೆಯ ಎಕ್ಸ್-ರೇಗೆ ಓಪಿಜಿ ಅಂತಾರೆ. ಅದರಲ್ಲಿ ಕೆಳದವಡೆಯ ಅಂಚಿಗೆ ಒಂದು ಬಿಳಿ ಪಟ್ಟಿ ಕಾಣುತ್ತೆ. ಅದು ಗಟ್ಟಿ ಮೂಳೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಕಡಿಮೆಯಾಗಿ ಹೆಂಗಸರ ಮೂಳೆ ಬೇಗ ಸವೆಯುತ್ತೆ. ಆಗ ಈ ಪಟ್ಟಿಯೂ ತೆಳ್ಳಗಾಗಬಹುದು. ಗಲ್ಲದ ಪಕ್ಕ ನರ ಹೊರಬರೋ ರಂಧ್ರದ ಕೆಳಗೆ ಅದು 3 ಮಿ.ಮೀ.ಗಿಂತ ಕಡಿಮೆ ಇದ್ರೆ ಮುಂದಿನ ಪರೀಕ್ಷೆಗೆ ಕಳಿಸೋದು ಒಳ್ಳೇದು ಅಂತ ಸಂಶೋಧಕರು ಹೇಳ್ತಾರೆ. ಯುರೋಪಿನ ಆಸ್ಟಿಯೋಡೆಂಟ್ ಯೋಜನೆಯಲ್ಲಿ 45ರಿಂದ 70 ವರ್ಷದ ಹೆಂಗಸರ ಎಕ್ಸ್-ರೇಗಳನ್ನ ಸಾಫ್ಟ್‌ವೇರ್‌ನಿಂದಲೂ ಅಳೆದಿದ್ರು.

ನಾವು ಎಡ್ಜ್ ಡಿಟೆಕ್ಷನ್ ಕೋಡ್ ಬರೆದ್ವಿ. ಟೆಸ್ಟ್ ಮಾಡೋಕೆ ಇಮೇಜ್ ಬೇಕಲ್ಲ? ನಮ್ಮಲ್ಲೊಬ್ಬಳ ಅಜ್ಜಿ ಎರಡು ವರ್ಷದ ಹಿಂದೆ ಹಲ್ಲುಸೆಟ್ ಕಟ್ಟಿಸುವಾಗ ತೆಗೆಸಿದ ಓಪಿಜಿ ಬೀರು ಮೇಲಿತ್ತು. ಗಣೇಶನ ಹಬ್ಬಕ್ಕೆ ನಮಗೆಲ್ಲ ಡಬ್ಬಿ ತುಂಬ ಚಕ್ಕುಲಿ ಕಳಿಸೋ ಅಜ್ಜಿ. ಫಿಲ್ಮ್ ಅನ್ನು ಲೈಟಿಗೆ ಹಿಡಿದು ಫೋಟೋ ತೆಗೆದು ರನ್ ಮಾಡಿದ್ವಿ. ಕೋಡ್‌ಗೆ ಅಂಚೇ ಸಿಗಲಿಲ್ಲ. ಥ್ರೆಶೋಲ್ಡ್ ಬದಲಾಯಿಸಿದ್ವಿ, ಬ್ಲರ್ ಹಾಕಿದ್ವಿ, ರಾತ್ರಿ ಪೂರ್ತಿ ಒಬ್ಬರನ್ನೊಬ್ಬರು ಬೈಕೊಂಡ್ವಿ. ಬೆಳಗ್ಗೆ ಕಣ್ಣಲ್ಲೇ ಸರಿಯಾಗಿ ನೋಡಿದಾಗ ಗೊತ್ತಾಯ್ತು, ಪಟ್ಟಿಯ ಒಳ ಅಂಚೇ ತೂತುತೂತಾಗಿತ್ತು. ಕ್ಲೆಮೆಟಿ ವಿಧಾನದಲ್ಲಿ ಸಿ1, ಸಿ2, ಸಿ3 ಅಂತ ಮೂರು ದರ್ಜೆ ಇವೆ. ಇದು ಸಿ3 ಥರ ಇತ್ತು.

ಆಮೇಲೆ ನೆನಪಾಯ್ತು. ಹೋದ ದೀಪಾವಳಿಗೆ ಅಜ್ಜಿ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರ್ಕೊಂಡಿದ್ರು. ಪ್ಲಾಸ್ಟರ್ ಹಾಕಿ ಕಳಿಸಿದ್ರು. ವಯಸ್ಸಾಯ್ತಲ್ಲ ಅಂತ ಎಲ್ಲರೂ ಸುಮ್ಮನಾದ್ರು, ನಾವೂ ಕೂಡ.

ನಮ್ಮ ಕೋಡ್ ಡಾಕ್ಟರ್ ಅಲ್ಲ. ಮೊಬೈಲ್ ಫೋಟೋದಲ್ಲಿ ಮಿ.ಮೀ. ಲೆಕ್ಕವೂ ಸರಿ ಬರಲ್ಲ. ಖಾತ್ರಿಗೆ ಡೆಕ್ಸಾ ಸ್ಕ್ಯಾನೇ ಬೇಕು, ಟಿ-ಸ್ಕೋರ್ -2.5 ಅಥವಾ ಅದಕ್ಕಿಂತ ಕೆಳಗಿದ್ರೆ ಆಸ್ಟಿಯೋಪೊರೋಸಿಸ್. ಮನೆಯವರನ್ನ ಒಪ್ಪಿಸೋಕೆ ಎರಡು ವಾರ ಹಿಡೀತು. ಅಜ್ಜಿಯದು -3.1 ಬಂತು.

ಅವರಿಗೆ ಹೇಗೆ ಹೇಳೋದು? ನಮ್ಮ ಇಂಗ್ಲಿಷ್ ಮೀಡಿಯಂ ಕನ್ನಡದಲ್ಲಿ ಪದ ಸಿಗದೆ ಒದ್ದಾಡ್ತಿದ್ವಿ. ಅವರೇ ಹೇಳಿದ್ರು, "ಗೆದ್ದಲು ಹಿಡಿದ ತೊಲೆ ಅನ್ರೇ. ನೋಡೋಕೆ ನೆಟ್ಟಗಿರುತ್ತೆ, ಒಳಗೆಲ್ಲ ಪುಡಿ."

ಈಗ ಮಾತ್ರೆ ನಡೀತಿದೆ, ಬಚ್ಚಲ ಗೋಡೆಗೆ ಹಿಡಿಕೆ ಬಂದಿದೆ. ಪ್ರಾಜೆಕ್ಟ್ ಮಾರ್ಕ್ಸ್ ಸುಮಾರಾಗಿ ಬಂತು. ನಿಮ್ಮನೆ ಬೀರು ಮೇಲೂ ಅಜ್ಜಿದೋ ಅಮ್ಮಂದೋ ಹಳೇ ಓಪಿಜಿ ಇರಬಹುದು. ಊರಿಗೆ ಹೋದಾಗ ಹುಡುಕಿ. ಹಲ್ಲಿನ ಡಾಕ್ಟರ್ ಹತ್ರ ಹೋದಾಗ, ಕೆಳಗಿನ ಅಂಚನ್ನೂ ಒಂದ್ಸಲ ನೋಡಿ ಸರ್ ಅಂತ ಕೇಳಿ.