ಮೊದಲು ತನ್ನನ್ನೇ ಅಳೆದುಕೊಳ್ಳುವ ಯಂತ್ರ

ಮಕ್ಕಳೇ, ಬೆಂಗಳೂರಿನ ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂರು ದಿಕ್ಕುಗಳಲ್ಲಿ ಚಲಿಸಿ ಅಳೆಯುವ ಯಂತ್ರವನ್ನು ನೋಡಿದೆ. ಅದರ ತೆಳು ಕಡ್ಡಿಯ ತುದಿಯಲ್ಲಿ ಕೃತಕ ಮಾಣಿಕ್ಯದ ಪುಟ್ಟ ಗುಂಡು. ಗುಂಡು ವಸ್ತುವನ್ನು ಮುಟ್ಟಿದೊಡನೆ ಅದರ ಕೇಂದ್ರ ಎಲ್ಲಿದೆಯೆಂದು ಯಂತ್ರ ಗುರುತಿಸುತ್ತದೆ.

20 ಮಿಲಿಮೀಟರ್ ವ್ಯಾಸದ ರಂಧ್ರದ ಒಳಗೋಡೆಯನ್ನು 4 ಮಿಲಿಮೀಟರ್ ವ್ಯಾಸದ ಗುಂಡು ಸುತ್ತಲೂ ಮುಟ್ಟಿದರೆ, ಕೇಂದ್ರಗಳು ಸೇರಿ 16 ಮಿಲಿಮೀಟರ್ ವ್ಯಾಸದ ವೃತ್ತವಾಗುತ್ತದೆ. ಅದಕ್ಕೆ 4 ಕೂಡಿಸಬೇಕು. ಗುಂಡು 3.9 ಎಂದು ಯಂತ್ರ ತಪ್ಪಾಗಿ ತಿಳಿದಿದ್ದರೆ ಉತ್ತರ 19.9 ಆಗುತ್ತದೆ. ಕಾರ್ಮಿಕರು ಶ್ರಮಪಟ್ಟು ಮಾಡಿದ ಸರಿಯಾದ ಭಾಗವೂ ಗುಜರಿಗೆ ಹೋಗುತ್ತದೆ!

ಆದ್ದರಿಂದ ಕಡ್ಡಿ ಬದಲಿಸಿದಾಗಲೆಲ್ಲ, ವ್ಯಾಸ ನಿಖರವಾಗಿ ಗೊತ್ತಿರುವ ಗೋಳವೊಂದನ್ನು ಹಲವೆಡೆ ಮುಟ್ಟಿಸಿ ಗುಂಡಿನ ಅಳತೆಯನ್ನು ಖಚಿತಪಡಿಸಿಕೊಳ್ಳುತ್ತಾರೆ. ನನಗೆ ಬಹಳ ಮೆಚ್ಚಿಗೆಯಾದದ್ದು ಇದೇ.

ನಿಮ್ಮ ಸ್ಕೇಲಿನ ಸೊನ್ನೆಯ ತುದಿ ಸವೆದಿದೆಯೇ? ಪರೀಕ್ಷಿಸಿ. ಸವೆದಿದ್ದರೆ 1ರಿಂದ ಅಳೆದು, ಉತ್ತರದಲ್ಲಿ 1 ಕಳೆಯಿರಿ.