ತಳೇಗಾಂವದಲ್ಲಿ ಎರಡು ರಸ್ತೆ, ಎರಡು ಕಾರು



ಪುಣೆಯಿಂದ ಲೋಣಾವಳದ ಲೋಕಲ್ ಹಿಡಿದರೆ ದಾರಿಯಲ್ಲಿ ತಳೇಗಾಂವ ಸಿಗುತ್ತದೆ. ಊರಿನ ಹೆಸರಿನ ‘ದಾಭಾಡೆ’ ಮರಾಠರ ಸೇನಾಪತಿ ಖಂಡೇರಾವ್ ದಾಭಾಡೆಯವರ ಮನೆತನದ್ದು. ಮುಂಬಯಿ–ಪುಣೆಯ ಎರಡು ರಸ್ತೆಗಳೂ ಈ ಊರನ್ನು ಹಾದು ಹೋಗುತ್ತವೆ. ಒಂದು, 1830ರಲ್ಲಿ ಬೋರ್ ಘಾಟ್ ಏರಿ ಬಂದ ಹಳೆಯ ದಾರಿ. ಇನ್ನೊಂದು, 2002ರಲ್ಲಿ ಪೂರ್ಣಗೊಂಡ ಆರು ಪಥದ ಕಾಂಕ್ರೀಟ್ ಎಕ್ಸ್‌ಪ್ರೆಸ್ ರಸ್ತೆ.

ಹೋದ ಸಲ ಅಣ್ಣನ ಮಗ ಜೊತೆಗಿದ್ದ. ಪುಣೆಯಲ್ಲೇ ಹುಟ್ಟಿ ಬೆಳೆದ ಹುಡುಗ, ಕಾರಿನ ಹುಚ್ಚು ಬಹಳ. ಉರ್ಸೆ ಟೋಲ್ ನಾಕೆಯ ಹತ್ತಿರ ಕೇಳಿದ: “ಕಾಕಾ, ಈ ರಸ್ತೆಗೆ ಯಾವುದು ಛಲೋ? ಫೆರಾರಿ ಡೇಟೋನಾನೋ, 550 ಮರನೆಲ್ಲೋನೋ?”

ಎರಡೂ ಹನ್ನೆರಡು ಸಿಲಿಂಡರಿನವು. ಇಬ್ಬರು ಕೂತು ದೂರದ ಊರಿಗೆ ವೇಗವಾಗಿ, ಆಯಾಸವಿಲ್ಲದೆ ಹೋಗಲೆಂದು ಮಾಡಿದವು. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಕ್ರ್ಯಾಂಕ್ ದಂಡ 180 ಡಿಗ್ರಿ ತಿರುಗಿದಾಗ ಒಮ್ಮೆ ಇಂಧನ ಉರಿಯುತ್ತದೆ; ಹನ್ನೆರಡರಲ್ಲಿ 60 ಡಿಗ್ರಿಗೊಮ್ಮೆ. ಅದಕ್ಕೇ ಆ ನಯ.

1968ರ ಡೇಟೋನಾಕ್ಕೆ 4.4 ಲೀಟರಿನ ಎಂಜಿನ್, ಆರು ವೆಬರ್ ಕಾರ್ಬ್ಯುರೇಟರು, ಸುಮಾರು 350 ಅಶ್ವಶಕ್ತಿ. ಸ್ಟಿಯರಿಂಗಿಗೆ ಪವರ್ ಇಲ್ಲ. ನಿಧಾನಕ್ಕೆ ಹೋಗುವಾಗ ತೋಳು ನೋಯುತ್ತದೆ. ಅದರ ನಂತರ ಫೆರಾರಿ ತನ್ನ ಎರಡು ಸೀಟಿನ ಹನ್ನೆರಡು ಸಿಲಿಂಡರ್ ಕಾರುಗಳಲ್ಲಿ ಎಂಜಿನ್ನನ್ನು ಬೆನ್ನ ಹಿಂದೆ ಇಟ್ಟಿತು. 1996ರಲ್ಲಿ 550 ಬಂದಾಗ ಎಂಜಿನ್ ಮತ್ತೆ ಮುಂದಕ್ಕೆ ಬಂತು: 5.5 ಲೀಟರ್, ಸುಮಾರು 480 ಅಶ್ವಶಕ್ತಿ, ಆರು ಗೇರು, ಪವರ್ ಸ್ಟಿಯರಿಂಗ್, ಎಬಿಎಸ್. ವೇಗ ಗಂಟೆಗೆ 320 ಕಿ.ಮೀ. ಮೊಮ್ಮಗ ಅಜ್ಜನ ದಾರಿಗೇ ಮರಳಿದಂತೆ. ಆದರೆ ಅಜ್ಜನ ತೋಳುನೋವು ಇವನಿಗಿಲ್ಲ.

“ಹಂಗಾದ್ರ 550ನೇ ಛಲೋ,” ಅಂದ ಹುಡುಗ.

“ಫಲಕ ನೋಡಪಾ,” ಅಂದೆ. ಎಕ್ಸ್‌ಪ್ರೆಸ್ ರಸ್ತೆಯಲ್ಲಿ ಕಾರಿಗೆ ಮಿತಿ ಗಂಟೆಗೆ 100. ಘಾಟಿನಲ್ಲಿ ಇನ್ನೂ ಕಡಿಮೆ. ಇಲ್ಲಿ ಅಪಘಾತಗಳಿಗೆ ಅತಿವೇಗವೇ ದೊಡ್ಡ ಕಾರಣಗಳಲ್ಲೊಂದು. ಎರಡೂ ಕಾರುಗಳ ಮುಕ್ಕಾಲು ಪಾಲು ಶಕ್ತಿಗೆ ಇಲ್ಲಿ ಕೆಲಸವಿಲ್ಲ. ಇದೇ ತಳೇಗಾಂವದಲ್ಲಿ 2008ರಲ್ಲಿ ಜನರಲ್ ಮೋಟರ್ಸ್ ಕಾರ್ಖಾನೆ ತೆರೆದು ಸಣ್ಣ ಕಾರುಗಳನ್ನು ಮಾಡಿತು. 2020ರ ಕೊನೆಗೆ ಅದು ನಿಂತಿತು; ಮುಂದೆ ಹುಂಡೈ ಅದನ್ನು ಕೊಂಡಿತು. ಈ ದಾರಿಯಲ್ಲಿ ಸಂಸಾರ ಹೊತ್ತು ಓಡಿದವು ಆ ಸಣ್ಣ ಕಾರುಗಳೇ.

ಆಮೇಲೆ ಹೇಳಿದೆ: ಹಳೆಯ ರಸ್ತೆಗೆ ಎನ್‌ಎಚ್ 4 ಎಂದು ಹೆಸರಿತ್ತು, ಈಗ 48. ಪುಣೆ ದಾಟಿ ಸಾತಾರಾ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ, ಆಮೇಲೆ ಧಾರವಾಡ. ಹುಡುಗ ಸುಮ್ಮನಾದ. ಊರಿಗೆ ಅವನು ಹೋದದ್ದೆಲ್ಲ ರಾತ್ರಿ ರೈಲಿನಲ್ಲಿ, ನಿದ್ದೆಯಲ್ಲಿ.

“ಇದೇ ರಸ್ತೆ ಹಿಡಿದ್ರ ಅಜ್ಜಿ ಮನಿ ಬರ್ತದೇನು?”

“ಬರ್ತದ. ಅಕೀಗೆ ಎಂಬತ್ತೆರಡು ಆತು. ಬಾಗಿಲಾಗ ಕೂತು ದಾರಿ ನೋಡ್ತಾಳ.”

ದೀಪಾವಳಿಗೆ ಹೊರಡುವುದೆಂದು ನಿಶ್ಚಯವಾಗಿದೆ. ನಮ್ಮ ಕಾರಿಗೆ ಇರುವುದು ನಾಲ್ಕೇ ಸಿಲಿಂಡರು. ಹುಡುಗನಿಗೆ ಲೈಸೆನ್ಸ್ ಬಂದಿದೆ. ನಿಪ್ಪಾಣಿಯಿಂದ ಮುಂದೆ ಅವನೇ ಓಡಿಸುತ್ತಾನಂತೆ.